ಔಡಲ ದಂಟಿನ ಕರೆಂಟು

ಕೆಂಭಾವಿ
ಪ್ರಮಾಥಿ ಸಂವತ್ಸರ, ಮಾಘ ಬಹುಳ ತದಿಗೆ

ಯಾದಗಿರಿಯಲ್ಲಿರುವ ಯಜಮಾನರಿಗೆ ಮಲ್ಲಿಕಮ್ಮನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿಮ್ಮ ಕಾಗದ ಸಂಕ್ರಾಂತಿಗೇ ಬಂದಿತ್ತು. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೋಳದ ಸುಗ್ಗಿ ಇತ್ತೆಂದು ನೆಪ ಹೇಳಬಹುದು. ನಿಜ ಹೇಳಲೇ? ಸಿಟ್ಟು ಬಂದಿತ್ತು, ಬರೆಯಲಿಲ್ಲ.

ಬಿಳಿ ಆಕಳು ಈಯಿತು, ಹೆಣ್ಣುಗರು. ಅತ್ತೆಯವರ ಮೊಣಕಾಲು ನೋವು ಇಳಿದಿದೆ, ಬಾಯಿ ಮಾತ್ರ ಏರಿದೆ. ಗಾಡಿ ಹೊಡೆಯುವ ಸಾಬಣ್ಣ ನಿಮ್ಮ ಗಿರಣಿಯಲ್ಲಿ ಹತ್ತಿ ಇಳಿಸಿ, ಶಹಾಪುರದ ಮೇಲೆ ಹಾಯ್ದು ನಿಮ್ಮ ಕಾಗದದ ಹಿಂದೆಯೇ ಊರಿಗೆ ಬಂದ. ಕುಡಿಯಲು ನೀರು ಕೊಟ್ಟು ನಿಮ್ಮ ಸುದ್ದಿ ಕೇಳಿದೆ. ಕೇಳದಿದ್ದರೆ ಚೆನ್ನಾಗಿತ್ತು.

"ಮಿಸ್ತ್ರಿಯವ್ರು ಭಾಳ ಆರಾಮ ಅದಾರ್ರಿ ಅಕ್ಕಾರ," ಎಂದ. "ಹತ್ತಿ ಆರಿಸಾಕಿ ಸಾಯಬಮ್ಮ ಅಂತ ಅದಾಳ್ರಿ. ಆಕಿಗಿ ಕರೆಂಟಂದ್ರೇನು, ವೋಲ್ಟೇಜಂದ್ರೇನು ಅಂತ ಗಡಿಗಿ ತೂಗಹಾಕಿ ತೋರಸಾಕತ್ತಿದ್ರು. ಗಡಿಗಿ ತಳಕ್ಕ ತೂತು, ತೂತಿಗಿ ನಳಗಿ. ಮ್ಯಾಲಿನ ನೀರು ಕೆಳಗ ದಬ್ಬತದಲ್ಲ, ಆ ದಬ್ಬೂದು ವೋಲ್ಟೇಜಂತ. ನಳಗ್ಯಾಗ ಹರಿಯೂ ನೀರು ಕರೆಂಟಂತ. ಆಕಿ ನಕ್ಕೋತ ನಿಂತಿದ್ಳು."

ನಕ್ಕಳಂತೆ! ದೀಪಾವಳಿಗೆ ಬಂದಾಗ ನಾನೂ ಇದನ್ನೇ ಕೇಳಿದ್ದೆ, ನೆನಪಿದೆಯೇ? ಗಿರಣಿಯ ಡೈನಮೋದಿಂದ ದೀಪ ಉರಿಯುತ್ತದೆ ಎನ್ನುತ್ತೀರಿ, ಆ ತಂತಿಯೊಳಗೆ ಏನು ಹೋಗುತ್ತದೆ ಎಂದು. "ನೀ ಕಂದೀಲಿನ ಗಾಜು ಒರಸು, ಅಷ್ಟ ಸಾಕು," ಎಂದು ಮಗ್ಗುಲು ಹೊರಳಿದಿರಿ. ಆಕೆಗೆ ಗಡಿಗೆ, ನನಗೆ ಕಂದೀಲು. ನನ್ನ ಹೊಟ್ಟೆ ಉರಿಯದೆ ಏನು ಮಾಡೀತು?

ಸಾಬಣ್ಣ ಹೋದ ಮೇಲೆ ನಾನೂ ಒಂದು ಹಳೆಯ ಗಡಿಗೆಗೆ ತೂತು ಕೊರೆದು ಬೇವಿನ ಟೊಂಗೆಗೆ ಕಟ್ಟಿದೆ. ನಳಿಗೆ ಎಲ್ಲಿಂದ ತರಲಿ? ಹಿತ್ತಲಲ್ಲಿದ್ದ ಔಡಲ ಎಲೆಯ ಟೊಳ್ಳು ದಂಟನ್ನು ಸಿಕ್ಕಿಸಿ ಸುತ್ತ ಹಿಟ್ಟು ಮೆತ್ತಿದೆ. ಅತ್ತೆಯವರು ಹೊರಗೆ ಬಂದು, "ನೀರು ಸೇದಿ ತರೂದs ಸಾಕಾಗಿ ಹೋಗ್ಯದ, ಈಕಿ ನೆಲಕ್ಕ ಕುಡಸಾಕತ್ಯಾಳ!" ಎಂದು ಓಣಿಗೆಲ್ಲ ಕೇಳುವಂತೆ ಬೈದರು.

ಬೈಯಲಿ. ನನಗೆ ತಿಳಿಯಿತು. ಗಡಿಗೆ ತುಂಬಿದ್ದಾಗ ನೀರು ಜೋರಾಗಿ ದಬ್ಬಿತು, ಜೋರಾಗಿ ಹರಿಯಿತು. ನೀರು ತಳಕ್ಕಿಳಿದಂತೆ ಎರಡೂ ಸೊರಗಿದವು. ಮತ್ತೆ ತುಂಬಿಸಿ ಸಣ್ಣ ದಂಟು ಸಿಕ್ಕಿಸಿದೆ. ದಬ್ಬುವ ನೀರು ಮೊದಲಿನಷ್ಟೇ, ಹರಿದು ಬಂದದ್ದು ಕಡಿಮೆ. ನಿಮ್ಮ ಕಾಗದಗಳ ಹಾಗೆ. ಕೊನೆಗೆ ದಂಟಿನ ಬಾಯಿಗೆ ಬೆರಳು ಒತ್ತಿ ಹಿಡಿದೆ. ಹರಿಯುವುದು ನಿಂತಿತು, ಬೆರಳನ್ನು ದಬ್ಬುವುದು ನಿಲ್ಲಲಿಲ್ಲ. ಅಂದರೆ ಕರೆಂಟು ಇಲ್ಲ, ವೋಲ್ಟೇಜು ಇದೆ. ಹೌದಲ್ಲವೇ? ತಪ್ಪಿದ್ದರೆ ತಿದ್ದಿರಿ. ಆಕೆಗೆ ತಿಳಿಸಿ ಹೇಳುತ್ತೀರಲ್ಲ, ನನಗೂ ಹೇಳಿರಿ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ತಂತಿ ಮುಟ್ಟುವಾಗ ಹುಷಾರೆಂದು ಬರೆಯಲು ಹೇಳಿದ್ದಾರೆ. ಯುಗಾದಿಗೆ ತಪ್ಪದೆ ಬನ್ನಿ. ಗಡಿಗೆ ಇನ್ನೂ ಬೇವಿನ ಗಿಡದಲ್ಲೇ ಇದೆ, ಬಿಚ್ಚಲು ನಾನು ಬಿಟ್ಟಿಲ್ಲ.

ನಿಮ್ಮ ಮನೆಯವಳು
ಮಲ್ಲಿಕಮ್ಮ

ತಾ.ಕ.: ಗಡಿಗೆಯದು ದೊಡ್ಡ ಮಾತಲ್ಲ. ಸಾಬಣ್ಣ ಗಾಡಿ ಹತ್ತುತ್ತ ಇನ್ನೊಂದು ಹೇಳಿದ: "ಸಾಯಬಮ್ಮ ಮಿಸ್ತ್ರಿಗಿ ಹೆಸರು ಹಿಡಿದs ಕರೀತಾಳ್ರಿ. ಅವ್ರೂ ಓ ಅಂತಾರ." ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿ ಕಳಿಸಿದ್ದಳು. ಮದುವೆಯ ದಿನ ಎಲ್ಲರೂ ಕಾಡಿದಾಗ ಒಡಪು ಕಟ್ಟಿ ನಿಮ್ಮ ಹೆಸರು ಒಮ್ಮೆ ಹೇಳಿದ್ದು, ಅಷ್ಟೇ. ಲಕೋಟೆಯ ಮೇಲೂ ಟಪಾಲಿನ ಸರದಾರಸಾಬರಿಂದಲೇ ಬರೆಸುತ್ತಿದ್ದೆ. ಇಷ್ಟು ವರ್ಷ ಬಾಯಿಗೆ ಬೆರಳೊತ್ತಿ ಹಿಡಿದವಳು ನಾನು, ಓ ಎನ್ನಿಸಿಕೊಂಡವಳು ಆಕೆ. ಈ ಸಲ ಲಕೋಟೆಯ ಮೇಲೆ ನಾನೇ ಬರೆದಿದ್ದೇನೆ. ನಿಮ್ಮ ಆಯುಷ್ಯಕ್ಕೆ ಏನೂ ಆಗದಿರಲೆಂದು ಶನಿವಾರದ ಉಪವಾಸ ಹಿಡಿದಿದ್ದೇನೆ. ಇದನ್ನು ಓದಿದ ಕೂಡಲೇ, ಆಕೆ ಎದುರಿಗಿದ್ದರೂ ಸರಿ, ಒಮ್ಮೆ ಗಟ್ಟಿಯಾಗಿ ಓ ಅನ್ನಿರಿ.

ಹಣಮಂತ್ರಾಯಾ.