ಚೌಡಕ್ಕನ ಶೇಂಗಾಪುಡಿ

ಒಸಾಕಾ, ೧೪-೧೧-೧೯೩೫, ಗುರುವಾರ

ಇನ್ನೊಬ್ಬರ ಶೇಂಗಾಪುಡಿಯನ್ನು ನಾಲ್ಕೇ ದಿನದಲ್ಲಿ ತಳ ಕೆರೆದು ತಿಂದೆ. ರಾಯದುರ್ಗದವರನ್ನು ವಾರವಾರ ಪತ್ರಿಕೆಯಲ್ಲಿ ನಗಿಸುವ ನನ್ನಂಥ ಮಹಾಶಯರ ಜಪಾನ್ ದಿಗ್ವಿಜಯ ಇದು.

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಚೌಡಕ್ಕ ಅದನ್ನು ತನ್ನ ತಮ್ಮ ಬೊಮ್ಮಯ್ಯನಿಗೆಂದು ಚೀಲದಲ್ಲಿ ಕಟ್ಟಿಕೊಟ್ಟಿದ್ದಳು. ಅವನು ಇಲ್ಲಿ ಬಟ್ಟೆ ಸಾವುಕಾರರೊಬ್ಬರ ಮನೆಯಲ್ಲಿ ಅಡುಗೆಯವನು. ಹೇಳದೆ ಹಡಗು ಹತ್ತಿದನೆಂದು ಅಕ್ಕ ಮೂರು ವರ್ಷ ಮಾತು ಬಿಟ್ಟಿದ್ದಳು. ಆ ಪುಡಿಯೇ ಅವಳ ರಾಜಿ.

ಈ ಊರೇನೋ ಭಾರಿ. ನಮ್ಮ ಕೋಟೆ ಬೆಟ್ಟವನ್ನೇ ಅಣಕಿಸುವ ಹೊಗೆಕೊಳವೆಗಳು, ಕೆಂಪು ಹಸಿರು ದೀಪದ ಬೀದಿಗಳು. ಟ್ರಾಮಿನಲ್ಲಿ ಕಾಲು ತುಳಿದವನಿಗಿಂತ ತುಳಿಸಿಕೊಂಡವನೇ ಮೊದಲು ಬಗ್ಗಿ ಕ್ಷಮೆ ಕೇಳುತ್ತಾನೆ. ಆದರೆ ಊಟ ಸಪ್ಪೆ. ಮಹಾಶಯರು ಚೀಲದ ಗಂಟು ಬಿಚ್ಚಿದರು.

ಊರಿನವರು ಬಂದಿದ್ದಾರೆಂದು ಕೇಳಿ ಇವತ್ತು ಬೊಮ್ಮಯ್ಯ ನನ್ನನ್ನು ಹುಡುಕಿಕೊಂಡು ಬಂದ.

"ಅಕ್ಕ ಏನಾರ ಕೊಟ್ಟಾಳೇನ್ರಿ?"

"ಇಲ್ಲಪ್ಪ."

"ಒಂದು ಮಾತಾದ್ರೂ ಹೇಳ್ಯಾಳೇನ್ರಿ?"

ಪುಡಿ ಕೊಡುವಾಗ ಅವಳಾಡಿದ ಮಾತು ಹೇಳಿದರೆ ಪುಡಿಯ ಮಾತೂ ಹೊರಬೀಳುತ್ತದೆ. ಇಲ್ಲವೆಂದು ತಲೆಯಾಡಿಸಿದೆ.

"ಹಂಗಾದ್ರ ಆಕಿಗೆ ಇನ್ನೂ ಸಿಟ್ಟೈತ್ರಿ. ಯುಗಾದಿಗೆ ಊರಿಗೆ ಹೋಗ್ಬೇಕಂತಿದ್ದೆ. ಬ್ಯಾಡ ಬಿಡ್ರಿ."

ನಕ್ಕ. ಈ ಊರಿನವರಂತೆಯೇ ಸೊಂಟ ಬಗ್ಗಿಸಿ ನಮಸ್ಕರಿಸಿ ಹೋದ. ಬಗ್ಗಬೇಕಾದ ನಾನು ಕಂಬದ ಹಾಗೆ ನಿಂತಿದ್ದೆ.

ಇದನ್ನು ಬರೆದು ನಗಿಸಲಾರೆ. ಈಗ ಚೀಲ ಮೂಸಿ ನೋಡಿದೆ, ಬೆಳ್ಳುಳ್ಳಿ ವಾಸನೆ ಇನ್ನೂ ಇದೆ. ನಾಳೆ ಬೆಳಿಗ್ಗೆ ಖಾಲಿ ಚೀಲವನ್ನೇ ಅವನ ಕೈಗಿಟ್ಟು ಹೇಳಬೇಕು. ಬೊಮ್ಮಯ್ಯ, ನಿನ್ನಕ್ಕನಿಗೆ ಸಿಟ್ಟಿಲ್ಲಪ್ಪ, ಪುಡಿ ಕಳಿಸಿದ್ದಳು, ನಡುವೆ ನಾನು ತಿಂದುಬಿಟ್ಟೆ.