ಮೊಟ್ಟೆಯ ಗುಳಿಯಲ್ಲಿದ್ದ ಎರಡು ಸೀಸೆ

ಹಟಮಾರಿ ತಮ್ಮನಿಗೆ,

ಇಲ್ಲಿ ನಾವು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಕೇಳಿದರೆ ಸುಳ್ಳೇ ಹೇಳುತ್ತೀಯ. ಫೋನಿನಲ್ಲಿ ಬೈಯೋಣವೆಂದರೆ ಏನಾದರೂ ತಮಾಷೆ ಮಾಡಿ ನಗಿಸಿಬಿಡುತ್ತೀಯ. ಕಾಗದಕ್ಕೆ ನಿನ್ನ ತಮಾಷೆ ಕೇಳಿಸುವುದಿಲ್ಲ. ಕೂತು ಪೂರ್ತಿ ಓದು.

ಆವತ್ತು ಬೆಳಿಗ್ಗೆ ಅಂಗಡಿಯ ಶಟರ್ ಜಾರಿತು, ನೀನು ಬಲಗೈ ಕೊಟ್ಟು ತಡೆದೆ. ಬೇರೆಯವರಿಗಾದರೆ ಒಂದು ಬಾವು, ಎರಡು ದಿನದ ಮಾತು. ನಿನ್ನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ ಎಂದು ನಾನು ಹೇಳಿಕೊಡಬೇಕೇ? ಮೂವತ್ತೆಂಟು ವರ್ಷದಿಂದ ಅದನ್ನೇ ಹೊತ್ತು ತಿರುಗುತ್ತಿದ್ದೀಯ. ಆದರೂ ಮಣಿಕಟ್ಟಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರ ಬಿಚ್ಚುತ್ತ ಕೂತೆ. ಮಧ್ಯಾಹ್ನ ಹೆಬ್ಬೆರಳು ಜುಮ್ಮೆಂದಿತು. ಆಮೇಲೆ ತೋರುಬೆರಳು, ನಡುಬೆರಳು. ಕೈಯಲ್ಲಿದ್ದ ಚಿಮಟ ಜಾರಿ ಬಿದ್ದದ್ದೂ ತಿಳಿಯದಂತಾದ ಮೇಲೆ, ಸಂಜೆ ಐದಕ್ಕೆ, ನನಗೆ ಫೋನು: "ಅಕ್ಕಾ, ಕೈ ಸ್ವಲ್ಪ ಜೋಮು ಹಿಡಿದಿದೆ ಅಷ್ಟೆ. ಬಿಡುವಾದಾಗ ಬಾ."

ಬಿಡುವಾದಾಗಂತೆ! ಹೊಲಿಯುತ್ತಿದ್ದ ಕೋಟಿನ ತೋಳನ್ನು ಮಿಷನ್ನಿನ ಸೂಜಿಯಡಿಯಲ್ಲೇ ಬಿಟ್ಟು ಓಡಿ ಬಂದೆ. "ಮನೇಲಿ ಇಂಜೆಕ್ಷನ್ ಇದ್ಯೇನೋ?" ಎಂದು ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು "ಖಾಲಿ ಆಗಿದೆ ಅಕ್ಕ" ಎಂದೆ. ನಾನು ನಂಬಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಿನ್ನ ಬೆರಳು ಮುಟ್ಟಿ ನೋಡಿದವರೇ, ಸ್ಕ್ಯಾನು ಗೀನು ಆಮೇಲೆ, ಮೊದಲು ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಎಂದರು. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ರಕ್ತ ತುಂಬಿ ನರವನ್ನು ಅದುಮಿಬಿಟ್ಟಿತ್ತು. ಕೈಗೆ ಪಟ್ಟಿ ಕಟ್ಟಿ ದಿಂಬಿನ ಮೇಲೆ ಎತ್ತಿಟ್ಟರು. ಗಂಟೆಗೊಮ್ಮೆ ಬೆರಳ ತುದಿ ಮುಟ್ಟಿ "ಗೊತ್ತಾಗ್ತಿದ್ಯಾ?" ಎಂದು ಕೇಳಿದರು. ಪ್ರತಿ ಸಲವೂ ನೀನು ನನ್ನ ಮುಖ ನೋಡಿದೆ. ಮರುದಿನವೂ ಒತ್ತಡ ಇಳಿಯದೆ, ಮತ್ತೆ ಇಂಜೆಕ್ಷನ್ ಕೊಟ್ಟು, ಕೈ ಕೊಯ್ದು ನರಕ್ಕೆ ಜಾಗ ಮಾಡಬೇಕಾಯಿತು. "ಬೆಳಿಗ್ಗೇನೇ ಒಂದು ಡೋಸ್ ಹೋಗಿದ್ರೆ ಬಹುಶಃ ಇದು ಬೇಕಾಗ್ತಿರ್ಲಿಲ್ಲ" ಎಂದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿದವನು ನೀನು.

ನಿನ್ನನ್ನು ಆಪರೇಷನ್ನಿಗೆ ಕರೆದುಕೊಂಡು ಹೋದ ಮೇಲೆ ನಿನ್ನ ಬಟ್ಟೆ ತರಲು ಅಂಗಡಿಯ ಹಿಂದೆ ನೀನಿರುವ ಕೋಣೆಗೆ ಹೋದೆ. ಹಾಲು ಕೆಟ್ಟಿದೆಯೇನೋ ಎಂದು ಫ್ರಿಜ್ ತೆಗೆದರೆ, ಬಾಗಿಲಿನ ಮೊಟ್ಟೆಯ ಗುಳಿಗಳಲ್ಲಿ ಎರಡು ಇಂಜೆಕ್ಷನ್ ಸೀಸೆ. ಒಂದೊಂದಕ್ಕೂ ರಿಪೇರಿಗೆ ಬಂದ ಗಡಿಯಾರಗಳಿಗೆ ಕಟ್ಟುವ ಚೀಟಿ. ಅದರ ಮೇಲೆ ಮುತ್ತು ಪೋಣಿಸಿದಂಥ ನಿನ್ನ ಅಕ್ಷರ: "ಪುಟ್ಟನಿಗೆ."

ನನ್ನ ಮಗನಿಗೆ! ಹೋದ ವರ್ಷ ಆಸ್ಪತ್ರೆಗೆ ಔಷಧಿ ಬಾರದೆ ಪುಟ್ಟ ಹದಿನೈದು ದಿನ ಮೊಣಕಾಲು ಹಿಡಿದುಕೊಂಡು ಅತ್ತನಲ್ಲ, ಅದು ನಿನ್ನ ತಲೆಯಲ್ಲಿ ಕೂತಿದೆ. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಜನ ಬೈಯುತ್ತಾರೆ. ನೀನೋ, ತುಂಬಿದ ಬಾವಿಗೆ ಮುಚ್ಚಳ ಹಾಕಿ ಅದರ ಮೇಲೆ ಕೂತು ಸುಟ್ಟುಕೊಂಡವನು. ನಿನ್ನನ್ನು ಈ ತ್ಯಾಗ ಮಾಡು ಎಂದು ಕೇಳಿದವರು ಯಾರು? ಅಮ್ಮನಿಂದ ಬಂದ ಕಾಯಿಲೆ ನನ್ನ ಮೈಯಲ್ಲಿ ಸುಳಿವೇ ಕೊಡದೆ ದಾಟಿ ನನ್ನ ಮಗನಿಗೆ ಹೋಯಿತು. ನೋವೆಲ್ಲ ನಿಮ್ಮಿಬ್ಬರ ಪಾಲಿಗೆ. ಅದೇ ನನಗೆ ಸಾಲದೆ, ನಿನ್ನ ಮೂರು ಬೆರಳಿನ ಪಾಪವೂ ನನ್ನ ತಲೆಯ ಮೇಲೆ ಇರಬೇಕೇ?

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಮೊನ್ನೆ ಪುಟ್ಟ ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿದ. ಅಂಗಿಯ ತೋಳು ಮೇಲೆತ್ತಿ ನೋಡಿದರೆ ಮೊಣಕೈ ಬಾತು ಬಿಸಿಯಾಗಿದೆ. ಶಾಲೆಯಲ್ಲಿ ಬೆಳಿಗ್ಗೆಯೇ ಬಿದ್ದಿದ್ದಾನೆ. ಯಾಕೋ ಹೇಳಲಿಲ್ಲ ಎಂದು ಗದರಿದರೆ ಏನಂದ ಗೊತ್ತೇ? "ಸಣ್ಣದು ಅಮ್ಮಾ. ಇಂಜೆಕ್ಷನ್ನು ಗಡಿಯಾರದ ಮಾವನಿಗೆ ಇರಲಿ."

ಕೇಳಿಸಿತೇ? ಒಂಬತ್ತು ವರ್ಷದ ಹುಡುಗ ನಿನ್ನದೇ ದನಿಯಲ್ಲಿ ಹೇಳಿದ. ತಕ್ಷಣ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಿಸಿದೆ, ಈಗ ಬಾವು ಇಳಿದಿದೆ. ಆದರೆ ಮುಚ್ಚಿಡುವ ಆ ಬುದ್ಧಿಯನ್ನು ಯಾವ ಸೂಜಿ ಇಳಿಸುತ್ತದೆ? ನನ್ನ ಮಾತು ಅವನ ಕಿವಿಗೆ ಹೋಗುವುದಿಲ್ಲ. ನಿನ್ನ ಮಾತು ಅವನಿಗೆ ವೇದವಾಕ್ಯ. ಭಾನುವಾರ ಬಾ. ನಿನ್ನ ಕೈ ಅವನ ಕೈಗೆ ಕೊಡು, ಹೊಲಿಗೆಯ ಗಾಯ ಮುಟ್ಟಲಿ. ಮಾವ ತಪ್ಪು ಮಾಡಿದ ಎಂದು ನಿನ್ನ ಬಾಯಲ್ಲೇ ಹೇಳು. ತಮಾಷೆ ಮಾಡಬೇಡ.

ಆ ಎರಡು ಸೀಸೆ ಈಗ ನನ್ನ ಫ್ರಿಜ್ಜಿನಲ್ಲಿವೆ, ಅವುಗಳ ಚೀಟಿ ಕಿತ್ತು ಒಲೆಗೆ ಹಾಕಿದ್ದೇನೆ. ಎರಡು ಖಾಲಿ ಚೀಟಿ ಈ ಕಾಗದದ ಜೊತೆ ಇವೆ. ಎರಡರ ಮೇಲೂ ನಿನ್ನ ಹೆಸರು ಬರೆದು ತಾ, ಅವನ ಮುಂದೆಯೇ ಸೀಸೆಗಳಿಗೆ ಕಟ್ಟು. ಬಲಗೈಯಲ್ಲೇ ಬರೆಯಬೇಕು. ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕಂತೆ. ಕಾಗೆಕಾಲು ಗುಬ್ಬಿಕಾಲಾದರೂ ಸರಿ, ನಾನು ಓದಿಕೊಳ್ಳುತ್ತೇನೆ.

ನೂರು ವರ್ಷ ಬಾಳು, ನೊಂದ ಗಳಿಗೆಯಲ್ಲೇ ಬಾಯಿ ಬಿಡು.

ಕೋಪ ಇನ್ನೂ ಆರದ,
ನಿನ್ನ ಅಕ್ಕ