ಉಳಿದ ಎರಡು ಸಾಲು

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ತಾವು ನನಗೆ ದಯಪಾಲಿಸಿದ ಮೆಚ್ಚುಗೆ ಪತ್ರವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಎರಡನೇ ತರಗತಿಯ ನಲವತ್ತೆರಡು ಮಕ್ಕಳಲ್ಲಿ ನಲವತ್ತೆರಡೂ ಓದಬಲ್ಲರು ಎಂದು ಅದರಲ್ಲಿದೆ. ಅದು ಸುಳ್ಳು. ಓದಬಲ್ಲವರು ಒಂಬತ್ತು ಮಂದಿ. ಉಳಿದ ಮೂವತ್ಮೂರು ಮಂದಿಯ ಬಾಯಲ್ಲಿ ಓದಿದವನು ನಾನು. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ತಮ್ಮ ಕಚೇರಿಗೆ ಮಾತ್ರ ಬರೆದರೆ ಕಾಗದ ಫೈಲಿನೊಳಗೆ ಸುಖವಾಗಿ ಮಲಗುತ್ತದೆ, ನಾನೂ ಮನೆಯಲ್ಲಿ ಸುಖವಾಗಿ ಮಲಗುತ್ತೇನೆ. ಆ ಸುಖ ನನಗೆ ಬೇಡವಾಗಿದೆ.

ಜೂನ್ ತಿಂಗಳಲ್ಲಿ ತಮ್ಮ ಆದೇಶ ಬಂತು. ಇನ್ನು ಮೇಲೆ ಕಲಿಕೆಯನ್ನು ಅಳೆಯಬೇಕಂತೆ. ಶ್ರಾವಣ ಮುಗಿಯುವುದರೊಳಗೆ ನೂರಕ್ಕೆ ತೊಂಬತ್ತು ಮಕ್ಕಳು ಏಳನೇ ಪಾಠವನ್ನು ತಡವರಿಸದೆ, ಸಾಲಿನ ಕೆಳಗೆ ಬೆರಳಿಟ್ಟು, ಒಂದು ನಿಮಿಷದಲ್ಲಿ ಓದಬೇಕು. ಗುರಿ ಇಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಹೊಲದಲ್ಲಿ ಸಾಲು ಹೊಡೆಯುವವನೂ ಎದುರಿಗೆ ಒಂದು ಗಿಡ ನೋಡಿಕೊಂಡೇ ಎತ್ತು ಹೊಡೆಯುತ್ತಾನೆ. ಆದರೆ ಸ್ವಾಮಿ, ಯಾವ ಪಾಠ ಕೇಳುತ್ತೇವೆಂದು ಮೂರು ತಿಂಗಳು ಮೊದಲೇ ಹೇಳಿ ಕಳಿಸಿದ ಮೇಲೆ ತಾವು ಅಳೆಯಲು ಹೊರಟಿದ್ದು ಏನನ್ನು? ಮಗುವಿನ ಓದನ್ನೋ, ಮಾಸ್ತರನ ಚಾಲಾಕಿಯನ್ನೋ? ನಲವತ್ತೆರಡು ಮಕ್ಕಳಿಗೆ ಹದಿನಾಲ್ಕು ಪುಸ್ತಕ, ಅದರಲ್ಲಿ ನಾಟಿ ಹಂಗಾಮಿಗೆ ಅರ್ಧ ಮಕ್ಕಳು ಗದ್ದೆಯ ಕೆಸರಿನಲ್ಲಿ. ಇದನ್ನೆಲ್ಲ ತಮಗೆ ಬರೆದು ತಿಳಿಸಬಹುದಿತ್ತು. ಬರೆಯಲಿಲ್ಲ. ಚಾಲಾಕಿಯಲ್ಲಿ ನಾನು ಪಾಸಾದೆ.

ಹೇಗೆಂದು ಕೇಳಿ. ಆ ಏಳನೇ ಪಾಠದಲ್ಲಿ ಆರೇ ಆರು ಸಾಲು: ‘ಕಾಲುವೆ ಬಂತು. ಕಾಲುವೆಗೆ ನೀರು ಬಂತು. ನೀರು ನಮ್ಮ ಹೊಲಕ್ಕೆ ಬಂತು. ಅಪ್ಪ ಭತ್ತ ನಾಟಿ ಮಾಡಿದ. ಅವ್ವ ನಕ್ಕಳು. ಎಲ್ಲರಿಗೂ ಸಂತೋಷ.’ ದಿನಾ ಬೆಳಿಗ್ಗೆ ಒಂದು ತಾಸು ಒಕ್ಕೊರಲಿನಿಂದ ಹೇಳಿಸಿದೆ. ಬಾಯಿಪಾಠ ಮಾಡಿಸುವವರು ನಾಡಿನ ತುಂಬ ಇದ್ದಾರೆ. ನಾನು ಬೆರಳಿಗೂ ಬಾಯಿಪಾಠ ಮಾಡಿಸಿದೆ. ‘ಬಂತು’ ಅಂದಕೂಡಲೇ ಬೆರಳು ಕೆಳಗಿನ ಸಾಲಿಗೆ ಇಳಿಯಬೇಕು, ‘ಸಂತೋಷ’ ಅಂದಾಗ ನಿಲ್ಲಬೇಕು. ತಪ್ಪಿದ ಬೆರಳಿಗೆ ಪಟ್ಟಿಯಿಂದ ಏಟು. ತಾವು ಬಂದ ದಿನ ಮುಂದೆ ನಿಲ್ಲಿಸಿದ್ದು ಗದ್ದೆಮ್ಮ ಎಂಬ ಏಳು ವರ್ಷದ ಹುಡುಗಿಯನ್ನು. ಗಡಿಯಾರ ನೋಡಿದಿರಿ, ಬೆರಳು ನೋಡಿದಿರಿ, ‘ಶಾಬಾಶ್’ ಎಂದು ಅವಳ ತಲೆ ಸವರಿದಿರಿ. ಆ ಹುಡುಗಿಗೆ ಅ, ಆ ಬಿಟ್ಟರೆ ಮುಂದಿನ ಅಕ್ಷರ ಗೊತ್ತಿರಲಿಲ್ಲ. ಅದು ಅವಳಿಗೇ ಗೊತ್ತಿರಲಿಲ್ಲ ನೋಡಿ, ಅದೇ ಪಾಪ. ಕಾಗದ ಹಿಡಿದು, ಬೆರಳು ಓಡಿಸಿ, ಆ ಆರು ಮಾತು ಹೇಳುವುದಕ್ಕೇ ಓದು ಅನ್ನುತ್ತಾರೆಂದು ಅವಳು ನಂಬಿದ್ದಳು. ನಂಬಿಸಿದವನು ನಾನು.

ಆಕೆಯ ಅಪ್ಪ ದ್ಯಾವಪ್ಪನಿಗೆ ಜವಳಗೇರಾದ ಕಡೆಗೆ, ಕಾಲುವೆಯ ಕೊನೆಯ ತೂಬಿನ ಕೆಳಗೆ ಮೂರೆಕರೆ ಕರಿಮಣ್ಣಿನ ಎರಿ ಹೊಲ. ತಾವು ಬಂದುಹೋದ ಹದಿನೈದು ದಿನಕ್ಕೆ ಕಾಲುವೆ ಕಚೇರಿಯಿಂದ ಅವನಿಗೊಂದು ನೋಟೀಸು ಬಂತು. ಅಲ್ಲಿಯವರೆಗೆ ಯಾವ ಕಾಗದ ಬಂದರೂ ಅವನು ಅಮರಗುಂಡಪ್ಪನ ಕಿರಾಣಿ ಅಂಗಡಿಯ ಕಟ್ಟೆಯ ಕೆಳಗೆ ನಿಂತು, ಗಿರಾಕಿಗಳೆಲ್ಲ ಹೋಗುವ ತನಕ ಕಾದು ಓದಿಸಿಕೊಳ್ಳುತ್ತಿದ್ದ. ಅವತ್ತು ಹೋಗಲಿಲ್ಲ. “ಇನ್ನ ನಾ ಯಾಕ ಅವರ ಬಾಗಲಾ ಕಾಯ್ಲಿ? ಸರಕಾರದ ಸಾಹೇಬ್ರ ಮುಂದ ಓದ್ಯಾಳ ನನ್ನ ಮಗಳು” ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಅವಳನ್ನು ತನ್ನ ಮನೆಯ ಕಟ್ಟೆಯ ಮೇಲೆ ಕೂಡಿಸಿ, ನೋಟೀಸು ಕೈಗೆ ಕೊಟ್ಟನಂತೆ.

ಗದ್ದೆಮ್ಮ ಓದಿದಳು. ಬೆರಳಿಟ್ಟು, ಗಟ್ಟಿ ದನಿಯಲ್ಲಿ. ನೀರು ನಮ್ಮ ಹೊಲಕ್ಕೆ ಬಂತು. ಅಪ್ಪ ಭತ್ತ ನಾಟಿ ಮಾಡಿದ. ‘ಅವ್ವ ನಕ್ಕಳು’ ಎಂಬಲ್ಲಿಗೆ ಅವಳ ತಾಯಿ ಗಿರಿಯಮ್ಮ ನಿಜವಾಗಿಯೂ ನಕ್ಕು, “ಯವ್ವಾ, ನಾ ನಗೋದೂ ಸರಕಾರಕ್ಕ ಗೊತ್ತಾಗೇತೇನ?” ಅಂದಳಂತೆ. ಆರನೇ ಸಾಲಿಗೆ ಬೆರಳು ನಿಂತಿತು. ನೋಟೀಸಿನಲ್ಲಿ ಎಂಟು ಸಾಲಿದ್ದವು.

“ಇನ್ನೆರಡು ಸಾಲು ಅದಾವಲ್ಲವ್ವಾ?”

“ಅವು ಪಾಠದಾಗ ಇಲ್ಲಪ್ಪ.”

ಸಾಹೇಬರ ಸಹಿ ಇರಬೇಕೆಂದು ದ್ಯಾವಪ್ಪ ಕಾಗದ ತೆಗೆದಿಟ್ಟ. ಮೇಲಿನ ಆರು ಸಾಲು ಬರೀ ಹೆಸರು, ಊರು, ಹೊಲದ ನಂಬರು. ಆ ಎರಡು ಸಾಲಿನಲ್ಲಿ ಇದ್ದದ್ದು ಇಷ್ಟು: ‘ಕೊನೆಯ ತೂಬಿನ ಜಮೀನಿಗೆ ಈ ಹಂಗಾಮಿನಲ್ಲಿ ನೀರು ಬಿಡುವುದಿಲ್ಲ. ಭತ್ತ ಬೇಡ, ಜೋಳ ಬಿತ್ತಿರಿ.’

ಅಕ್ಕಪಕ್ಕದವರು ಜೋಳ ಬಿತ್ತಿದರು. ಇವನು ಬಿತ್ತಲಿಲ್ಲ, ಒಡ್ಡು ಹಾಕಿ ಮಡಿ ಮಾಡಿಕೊಂಡು ನೀರಿಗೆ ಕಾದ. ಹೇಳಲು ಬಂದವರಿಗೆ, “ನಿಮ್ಮ ಕಾಗದ ಬ್ಯಾರೆ ಇರಬೇಕು, ನಂದರಾಗ ನೀರ ಬರತೈತಿ ಅಂತ ಬರದಾರ” ಎಂದನಂತೆ. ಉತ್ತರಿ ಮಳೆ ಹೋಯಿತು, ಹಸಿ ಆರಿತು, ಬಿತ್ತುವ ಹದ ತಪ್ಪಿತು. ಕೊನೆಗೊಂದು ದಿನ ನೋಟೀಸನ್ನು ಮಡಚಿ ರುಮಾಲಿನಲ್ಲಿಟ್ಟುಕೊಂಡು, ಮಗಳ ಕೈ ಹಿಡಿದು ಶಾಲೆಗೆ ಬಂದ. ನಾನು ಅವನ ಕಿವಿಗಷ್ಟೇ ಬೀಳುವಂತೆ ಮೆಲ್ಲಗೆ ಓದಿ ಹೇಳಿದೆ. ಅವನು ಬೈಯಲಿಲ್ಲ. “ಮಾಸ್ತರ್ರ, ಕಾಗದದಾಗ ಬರದದ್ದು ತಪ್ಪೇನ್ರಿ, ಓದಿದ್ದು ತಪ್ಪೇನ್ರಿ?” ಎಂದು ಕೇಳಿದ, ಅಷ್ಟೆ.

ಇನ್ನು ಬರೆಯುವುದು ಕಷ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ತಮ್ಮ ಮೆಚ್ಚುಗೆ ಪತ್ರ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು. ಅದನ್ನೊಮ್ಮೆ ನೋಡಿದೆ, ಹುಡುಗಿಯನ್ನೊಮ್ಮೆ ನೋಡಿದೆ. “ಹುಡುಗಿ ಗಾಬರಿಯಾಗಿ ತಪ್ಪಿ ಓದ್ಯಾಳ, ಇದರಾಗ ನಮ್ಮದೇನೈತಿ” ಎಂದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಥೂ ನನ್ನ ಬಾಳುವೆಗೆ! ತಾವು ಇಟ್ಟ ಗುರಿಯದು ಅರ್ಧ ತಪ್ಪು, ನಾನು ಹೇಳಿಸಿದ್ದು ಇನ್ನರ್ಧ ತಪ್ಪು, ಅದನ್ನೆಲ್ಲ ಒಟ್ಟುಮಾಡಿ ಏಳು ವರ್ಷದ ಕೂಸಿನ ತಲೆಗೆ ಹೊರಿಸಿದೆ. ಮರುದಿನದಿಂದ ಅವಳು ಶಾಲೆಗಿಲ್ಲ. ತಾಯಿಯ ಜೊತೆ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಕೇಳಿದವರಿಗೆ, “ನನಗ ಓದಾಕ ಬರಂಗಿಲ್ಲ, ಮಾಸ್ತರ್ರ ಹೇಳ್ಯಾರ” ಅನ್ನುತ್ತಾಳಂತೆ.

ಕಳೆದ ಸೋಮವಾರ ಅವರ ಮನೆಗೆ ಹೋಗಿದ್ದೆ. ನನ್ನನ್ನು ಕಂಡವಳೇ ಗದ್ದೆಮ್ಮ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ನಾನು ಹೊಡೆದದ್ದು ಬೆರಳಿಗಲ್ಲವೇ! ತಂದೆತಾಯಿಯ ಮುಂದೆ ಹೇಳಿದೆ: ತಪ್ಪು ನನ್ನದು, ನಿಮ್ಮ ಮಗಳಿಗೆ ನಾನು ಓದು ಕಲಿಸೇ ಇಲ್ಲ. ಗಿರಿಯಮ್ಮ, “ಹಂಗಾರ ಸಾಹೇಬ್ರು ತಲಿ ಸವರಿದ್ದು ಯಾತಕ್ಕ್ರಿ?” ಎಂದಳು. ಈ ಪ್ರಶ್ನೆ ತಮ್ಮದು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ನಲವತ್ತೆರಡನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆಯಿರಿ. ನನಗೆ ಕೊಡುವ ಶಿಕ್ಷೆ ಕೊಡಿ. ಗುರಿ ಇಡಿ, ಅಳೆಯಿರಿ, ಆದರೆ ಮಗು ಎಂದೂ ಕಂಡಿರದ ಕಾಗದ ಕೊಟ್ಟು ಎರಡು ಸಾಲು ಓದಿಸಿ, ಅದರರ್ಥ ಕೇಳಿ. ಯುಗಾದಿಗೆ ಮುಂಚೆ ಹೇಳದೆ ಕೇಳದೆ ಒಂದು ದಿನ ಬನ್ನಿ. ಶಾಲೆಗಿಂತ ಮೊದಲು ದ್ಯಾವಪ್ಪನ ಮನೆಗೆ ಬಂದು, ‘ಶಾಬಾಶ್’ ಅಂದ ಬಾಯಿಂದಲೇ ತಪ್ಪು ಈ ಕೂಸಿನದಲ್ಲ ಎಂದು ಹೇಳಿ.

ಅವತ್ತು ನಾನು ಹೊರಟಾಗ ಗದ್ದೆಮ್ಮ ಬಾಗಿಲ ತನಕ ಬಂದು, “ಆ ಎರಡು ಸಾಲಿನಾಗ ಏನ್ ಐತ್ರಿ ಮಾಸ್ತರ್ರ?” ಎಂದು ಕೇಳಿದಳು. ಅಪ್ಪ ಅವಳಿಗೆ ಹೇಳಿಲ್ಲ. ನಾನೂ ಹೇಳಲಿಲ್ಲ. ಅವತ್ತಿನಿಂದ ದಿನಾ ಸಂಜೆ ಕಳೆ ಮುಗಿಸಿ ಬರುತ್ತಾಳೆ, ಇಬ್ಬರೂ ಅವರ ಮನೆಯ ಕಟ್ಟೆಯ ಮೇಲೆ ಕೂಡುತ್ತೇವೆ, ಅವಳ ಬೆರಳನ್ನು ನಾನು ಮುಟ್ಟುವುದಿಲ್ಲ. ನಿನ್ನೆಗೆ ‘ಕ’ ಬಂದಿದೆ. ಆ ಎರಡು ಸಾಲನ್ನು ಅವಳೇ ಓದಲಿ. ಓದಿದ ದಿನ ಅವಳು ನನ್ನ ಮುಖ ನೋಡುತ್ತಾಳೆ. ಆ ದಿನಕ್ಕೆ ಹೆದರುತ್ತಲೇ ಕಲಿಸುತ್ತಿದ್ದೇನೆ.

ಇಂತಿ,
ಬೆರಳಿಗೆ ಪಾಠ ಹೇಳಿ ಶಾಬಾಶ್ ತಿಂದ
ಕರಿಬಸಯ್ಯ ಮಾಸ್ತರ
ಸಿಂಧನೂರು ತಾಲೂಕು, ಡಿಸೆಂಬರ್ ೧೯೬೭